ತನ್ನ ಮಿತಿಯನ್ನು ಬರೆದಿಟ್ಟ ವೈದ್ಯ

1994ರ ಬೇಸಿಗೆಯಲ್ಲಿ ನನ್ನ ಸೋದರಮಾವ ಎದೆನೋವಿನ ಚಿಕಿತ್ಸೆಗೆಂದು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದರು. ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿದ್ದ ಅವರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿತ್ತು. ಎದೆ ಸೀಳದೆ, ಬಲೂನಿನಿಂದಲೇ ಹೃದಯದ ರಕ್ತನಾಳವನ್ನು ಹಿಗ್ಗಿಸುವ ಚಿಕಿತ್ಸೆ ಇದೆಯೆಂದು ಪತ್ರಿಕೆಯಲ್ಲಿ ಓದಿಕೊಂಡೇ ಬಂದಿದ್ದರು. ಆಂಜಿಯೋಗ್ರಾಂ ನೋಡಿದ ವೈದ್ಯರು, ರಕ್ತನಾಳದ ಗೋಡೆ ಸುಣ್ಣಗಟ್ಟಿ ಕಲ್ಲಿನಂತಾಗಿದೆ, ಇಲ್ಲಿ ಬಲೂನು ನಡೆಯುವುದಿಲ್ಲ, ಬೈಪಾಸ್ ಶಸ್ತ್ರಚಿಕಿತ್ಸೆಯೇ ಸೂಕ್ತ ಎಂದು ಹೇಳಿದರು. ಮಾವನವರಿಗೆ ನಿರಾಶೆಯಾಯಿತು. ಆದರೆ ಬೈಪಾಸ್ ಮಾಡಿಸಿಕೊಂಡು ಮತ್ತೆ ಹದಿನಾಲ್ಕು ವರ್ಷ ಬದುಕಿದರು.

ಎರಡು ವರ್ಷಗಳ ಹಿಂದೆ ಅದೇ ಮಾತು ನನ್ನ ಪಾಲಿಗೂ ಬಂತು. ನನ್ನ ಹೃದಯದ ಎಡಭಾಗದ ಮುಖ್ಯ ರಕ್ತನಾಳವೊಂದರಲ್ಲಿ ಸುಣ್ಣದ ಗಟ್ಟಿ ಪದರ ಕಂಡಿತ್ತು. ಆದರೆ ಈ ಬಾರಿ ಬಲೂನು ನಡೆಯುವುದಿಲ್ಲ ಎಂಬಲ್ಲಿಗೆ ಮಾತು ಮುಗಿಯಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ, ನಾನು ಪರೀಕ್ಷೆಯ ಮೇಜಿನ ಮೇಲೆ ಮಲಗಿರುವಾಗಲೇ ಹೊರಗಿದ್ದ ನನ್ನ ಮಗನನ್ನು ಕರೆದು, ದುಬಾರಿ ಉಪಕರಣಗಳು ಬೇಕಾಗುತ್ತವೆ, ಹತ್ತು ನಿಮಿಷದಲ್ಲಿ ಸಹಿ ಹಾಕಬೇಕು ಎಂದು ಕೇಳಲಾಯಿತು. ಯಾವ ಉಪಕರಣ, ಏಕೆ, ಬೇರೆ ದಾರಿ ಇದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲಿಲ್ಲ. ನೋವು ಹತೋಟಿಯಲ್ಲಿತ್ತು, ತುರ್ತೇನೂ ಇರಲಿಲ್ಲ. ನಾವು ಎದ್ದು ಬಂದೆವು.

ಆಡಳಿತ ಸೇವೆಯಲ್ಲಿ ಮೂರು ದಶಕ ಕಳೆದವನಿಗೆ ಒಂದು ಅಭ್ಯಾಸ ಉಳಿದುಬಿಡುತ್ತದೆ. ಕಠಿಣವಾದ ಪ್ರಸ್ತಾವ ಬಂದಾಗ ಹಿಂದಿನ ಕಡತವನ್ನು ತರಿಸಿ ಓದದೆ ಆತ ಟಿಪ್ಪಣಿ ಬರೆಯಲಾರ. ಎರಡನೆಯ ವೈದ್ಯರನ್ನು ಕಾಣುವ ಮುನ್ನ ಸಿಕ್ಕಿದ ಒಂದು ವಾರದಲ್ಲಿ ನಾನು ಮಾಡಿದ್ದೂ ಅದನ್ನೇ. ಈ ಚಿಕಿತ್ಸೆಯ ಮೂಲ ಕಡತದಲ್ಲಿ ನನಗೆ ಎದುರಾದವರು ಆಂಡ್ರಿಯಾಸ್ ಗ್ರುಂಟ್ಸಿಗ್. ಅವರು ತೀರಿಕೊಂಡು ನಾಲ್ಕು ದಶಕಗಳಾದವು. ಜಗತ್ತಿನಲ್ಲಿ ಪ್ರತಿದಿನ ನಡೆಯುವ ಆಂಜಿಯೋಪ್ಲಾಸ್ಟಿಗಳೆಲ್ಲವೂ ಅವರ ಕೈಯಿಂದಲೇ ಆರಂಭಗೊಂಡವು. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅವರು ಮಾಡಿದ ಸಾಹಸಕ್ಕಿಂತ ಹೆಚ್ಚಾಗಿ, ತಮ್ಮ ಕೈಲಾಗದ್ದನ್ನು ಅವರು ಬರೆದಿಟ್ಟ ರೀತಿ.

ಗ್ರುಂಟ್ಸಿಗ್ ಹುಟ್ಟಿದ್ದು 1939ರ ಜೂನ್ 25ರಂದು, ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ. ಎರಡೇ ತಿಂಗಳಲ್ಲಿ ಮಹಾಯುದ್ಧ ಆರಂಭವಾಯಿತು. ವಿಜ್ಞಾನದ ಅಧ್ಯಾಪಕರಾಗಿದ್ದ ತಂದೆ ಆ ಯುದ್ಧದಿಂದ ಮರಳಲಿಲ್ಲ. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಬಾಳನ್ನು ಹೇಗೋ ಸಾಗಿಸಿದರು. ಐವತ್ತರ ದಶಕದ ಆರಂಭದಲ್ಲಿ ನೆಲೆ ಹುಡುಕುತ್ತ ಕೆಲಕಾಲ ಅರ್ಜೆಂಟೀನಾದ ಬ್ಯುನಸ್ ಐರಿಸ್‌ಗೂ ಹೋಗಿಬಂದರು. ಮರಳಿದ ನಂತರ ಬಾಲಕನ ಓದು ಲೈಪ್ಜಿಗ್‌ನ ಪ್ರಸಿದ್ಧ ಥಾಮಸ್ ಶಾಲೆಯಲ್ಲಿ ನಡೆಯಿತು. ಸಂಗೀತಗಾರ ಬಾಖ್ ಒಂದು ಕಾಲಕ್ಕೆ ಪಾಠ ಹೇಳಿದ ಶಾಲೆ ಅದು. ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಜರ್ಮನಿಯಲ್ಲಿ ತನಗೆ ಭವಿಷ್ಯವಿಲ್ಲವೆಂದು ಕಂಡಾಗ, ಬರ್ಲಿನ್ ಗೋಡೆ ಏಳುವುದಕ್ಕೆ ಮೊದಲೇ ಅವರು ಪಶ್ಚಿಮಕ್ಕೆ ದಾಟಿಕೊಂಡರು. ಹೈಡೆಲ್‌ಬರ್ಗ್‌ನಲ್ಲಿ ವೈದ್ಯಶಾಸ್ತ್ರ ಓದಿ 1964ರಲ್ಲಿ ಪದವಿ ಪಡೆದರು.

ಅದೇ 1964ರ ಜನವರಿಯಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ಕ್ಷ-ಕಿರಣ ತಜ್ಞರು ವಿಚಿತ್ರವೆನಿಸುವ ಕೆಲಸವೊಂದನ್ನು ಮಾಡಿದ್ದರು. ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ಕಾಲಿನ ರಕ್ತನಾಳದೊಳಕ್ಕೆ ಸಣ್ಣ ಕೊಳವೆ ತೂರಿಸಿ, ಅದರ ಮೇಲೆ ಇನ್ನಷ್ಟು ದಪ್ಪನೆಯ ಕೊಳವೆ ತಳ್ಳಿ, ಕಟ್ಟಿಕೊಂಡ ದಾರಿಯನ್ನು ತೆರೆದಿದ್ದರು. ವೃದ್ಧೆಯ ಕಾಲು ಉಳಿಯಿತು. ಆದರೆ ಸ್ವದೇಶದ ಶಸ್ತ್ರವೈದ್ಯರು ಡಾಟರ್ ಅವರನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಅವರ ವಿಧಾನವನ್ನು ಆದರದಿಂದ ಸ್ವೀಕರಿಸಿದವರು ಜರ್ಮನಿಯ ಎಬರ್‌ಹಾರ್ಟ್ ಜೈಟ್ಲರ್ ಮೊದಲಾದ ಕೆಲವರು. ಗ್ರುಂಟ್ಸಿಗ್ ಈ ವಿದ್ಯೆಯನ್ನು ಕಲಿತದ್ದು ಜೈಟ್ಲರ್ ಅವರಿಂದ. 1969ರಿಂದ ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದರು.

ಡಾಟರ್ ವಿಧಾನದ ಕೊರತೆ ಅವರಿಗೆ ಬೇಗನೆ ತಿಳಿಯಿತು. ದಪ್ಪ ಕೊಳವೆ ತಳ್ಳಿದರೆ ರಕ್ತನಾಳವನ್ನು ಪ್ರವೇಶಿಸುವ ರಂಧ್ರವೂ ಅಷ್ಟೇ ದೊಡ್ಡದಾಗಬೇಕು. ಹೃದಯದ ಎಳೆನಾಳಗಳಿಗೆ ಅದು ಸಲ್ಲದು. ಒಳಹೋಗುವಾಗ ತೆಳ್ಳಗಿದ್ದು, ಇಕ್ಕಟ್ಟಾದ ಜಾಗದಲ್ಲಿ ಮಾತ್ರ ಉಬ್ಬಿ, ಮತ್ತೆ ಕುಗ್ಗಿ ಹೊರಬರುವ ಸಾಧನ ಬೇಕಾಗಿತ್ತು. ಸಾಮಾನ್ಯ ರಬ್ಬರಿನ ಬಲೂನು ಇದಕ್ಕೆ ಆಗದು, ಏಕೆಂದರೆ ಅದು ಅಡಚಣೆ ಇಲ್ಲದ ಕಡೆಗೇ ಹಿಗ್ಗುತ್ತದೆ. ನಿಗದಿತ ಗಾತ್ರಕ್ಕೆ ಉಬ್ಬಿ ಅಲ್ಲಿಗೇ ನಿಲ್ಲುವ ಗಟ್ಟಿ ಬಲೂನು ಬೇಕು. ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ ಹೈನ್ರಿಕ್ ಹಾಫ್ ಅವರ ಸಲಹೆಯಂತೆ ಗ್ರುಂಟ್ಸಿಗ್ ಪಿವಿಸಿ ಪ್ಲಾಸ್ಟಿಕ್ಕನ್ನು ಆಯ್ದುಕೊಂಡರು. ಪ್ರಯೋಗಶಾಲೆ ಎಂದರೆ ಅವರ ಮನೆಯ ಅಡುಗೆಕೋಣೆಯ ಮೇಜು. ಪತ್ನಿ ಮಿಖೇಲಾ, ಸಹಾಯಕಿ ಮರಿಯಾ ಷ್ಲುಂಪ್ ಮತ್ತು ಆಕೆಯ ಪತಿ ಸಂಜೆಗಳಲ್ಲಿ ಜೊತೆಗೂಡುತ್ತಿದ್ದರು. ಕೊಳವೆ ಕಾಯಿಸುವುದು, ಉಬ್ಬಿಸುವುದು, ಅಂಟಿಸುವುದು, ಒಡೆದುದನ್ನು ಬಿಸುಟು ಮತ್ತೆ ಮಾಡುವುದು, ಹೀಗೆ ಎರಡು ವರ್ಷ ಕಳೆಯಿತು. 1974ರ ಫೆಬ್ರುವರಿಯಲ್ಲಿ ಅಂಥ ಬಲೂನು ಮೊದಲ ಬಾರಿಗೆ ರೋಗಿಯೊಬ್ಬರ ಕಾಲಿನ ರಕ್ತನಾಳದಲ್ಲಿ ಉಬ್ಬಿತು.

ಕಾಲಿನಿಂದ ಹೃದಯಕ್ಕೆ ಅವರು ಅವಸರದಿಂದ ನೆಗೆಯಲಿಲ್ಲ. ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, 1976ರಲ್ಲಿ ಅಮೆರಿಕದ ಹೃದಯತಜ್ಞರ ಸಮ್ಮೇಳನದಲ್ಲಿ ಭಿತ್ತಿಪತ್ರವಾಗಿ ಪ್ರದರ್ಶಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ನಂಬಿಕೆ ಹುಟ್ಟಲಿಲ್ಲ. ಆಸಕ್ತಿ ತೋರಿದ ಕೆಲವರಲ್ಲಿ ರಿಚರ್ಡ್ ಮೈಲರ್ ಒಬ್ಬರು. 1977ರ ಮೇ ತಿಂಗಳಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ, ಬೈಪಾಸ್‌ಗಾಗಿ ಎದೆ ತೆರೆದಿದ್ದ ರೋಗಿಗಳಲ್ಲಿ ಶಸ್ತ್ರವೈದ್ಯರ ಎದುರಿನಲ್ಲೇ ಬಲೂನನ್ನು ಉಬ್ಬಿಸಿ ಪರೀಕ್ಷಿಸಿದರು. ಹೀಗೆ ಒಂದೊಂದು ಮೆಟ್ಟಿಲನ್ನೂ ಏರಿದ ನಂತರವೇ ಎಚ್ಚರವಿರುವ ರೋಗಿಯ ಹೃದಯಕ್ಕೆ ಕೈಹಾಕಿದ್ದು.

ಆ ದಿನ 1977ರ ಸೆಪ್ಟೆಂಬರ್ 16. ರೋಗಿಯ ವಯಸ್ಸು 38. ವೈದ್ಯರ ವಯಸ್ಸೂ 38. ರೋಗಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ರಕ್ತನಾಳದ ಆರಂಭದ ಭಾಗದಲ್ಲೇ, ಒಂದೇ ಒಂದು ಗಿಡ್ಡ ಅಡಚಣೆ. ಏನು ಮಾಡುತ್ತೇನೆ, ವಿಫಲವಾದರೆ ಏನಾಗಬಹುದು ಎಂಬುದನ್ನು ಗ್ರುಂಟ್ಸಿಗ್ ಆತನಿಗೆ ಮುಂಚಿತವಾಗಿ ತಿಳಿಸಿದ್ದರು. ಜ್ಯೂರಿಕ್‌ನ ಮುಖ್ಯ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ತಮ್ಮ ತಂಡವನ್ನು ಸಜ್ಜಾಗಿರಿಸಲು ಒಪ್ಪಿದ್ದರು. ಈ ಹೊಸ ವಿದ್ಯೆ ಗೆದ್ದರೆ ತಮ್ಮ ಕೈಯ ಕೆಲಸವೇ ಕಡಿಮೆಯಾದೀತೆಂದು ತಿಳಿದೂ ಅವರು ಬೆಂಬಲಿಸಿದರೆಂಬುದನ್ನು ಮರೆಯಬಾರದು. ಬಲೂನು ಎರಡು ಬಾರಿ ಉಬ್ಬಿತು. ದಾರಿ ತೆರೆಯಿತು. ಹತ್ತು ವರ್ಷಗಳ ನಂತರ ಅದೇ ವ್ಯಕ್ತಿಗೆ ಮತ್ತೆ ಆಂಜಿಯೋಗ್ರಾಂ ಮಾಡಿದಾಗಲೂ ಆ ಜಾಗ ತೆರೆದೇ ಇತ್ತು. ಅದನ್ನು ನೋಡಲು ವೈದ್ಯರು ಮಾತ್ರ ಇರಲಿಲ್ಲ.

ಅದೇ ವರ್ಷ ಮೊದಲ ನಾಲ್ಕು ರೋಗಿಗಳ ವಿವರವನ್ನು ಅಮೆರಿಕದ ಸಮ್ಮೇಳನದಲ್ಲಿ ಮಂಡಿಸಿದಾಗ ಸಭೆ ಎದ್ದು ನಿಂತು ಕರತಾಡನ ಮಾಡಿತು. ಸಾಮಾನ್ಯವಾಗಿ ಇಂಥ ಜೀವನಕಥೆಗಳು ಇಲ್ಲಿಗೆ ಶಿಖರ ಮುಟ್ಟುತ್ತವೆ. ನನಗೆ ಮುಖ್ಯವೆನಿಸಿದ್ದು ಇದರ ಮುಂದಿನ ಪುಟ. 1979ರ ಜುಲೈಯಲ್ಲಿ ಗ್ರುಂಟ್ಸಿಗ್ ಮತ್ತು ಸಂಗಡಿಗರು ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮೊದಲ 50 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಚಿಕಿತ್ಸೆ ಯಶಸ್ವಿಯಾದದ್ದು 32 ಜನರಲ್ಲಿ. ಐವರಿಗೆ ತುರ್ತಾಗಿ ಬೈಪಾಸ್ ಮಾಡಬೇಕಾಯಿತು. ಮೂವರಲ್ಲಿ ಹೃದಯಾಘಾತದ ಗುರುತುಗಳು ಕಂಡವು. ಇವೆಲ್ಲವೂ ಲೇಖನದ ಮೂಲೆಯಲ್ಲಲ್ಲ, ಆರಂಭದ ಸಾರಾಂಶದಲ್ಲೇ ಇವೆ.

ಅಷ್ಟೇ ಅಲ್ಲ. ಅಡಚಣೆಯ ವಸ್ತು ಮೃದುವಾಗಿ, ಹಿಗ್ಗುವಂತಿದ್ದರೆ ಮಾತ್ರ ಬಲೂನಿಗೆ ಅದು ಮಣಿಯುತ್ತದೆ. ಒಂದೇ ರಕ್ತನಾಳದ ಕಾಯಿಲೆಯಿರುವವರು, ನೋವು ಆರಂಭವಾಗಿ ಹೆಚ್ಚು ಕಾಲವಾಗದವರು ಇದಕ್ಕೆ ಸೂಕ್ತ. ಬೈಪಾಸ್ ಬೇಕಾದವರ ಪೈಕಿ ಸುಮಾರು 10ರಿಂದ 15 ಶೇಕಡ ಜನರಿಗಷ್ಟೇ ಈ ಚಿಕಿತ್ಸೆ ಹೊಂದಬಹುದು. ಔಷಧ ಮತ್ತು ಶಸ್ತ್ರಚಿಕಿತ್ಸೆಗಳೊಡನೆ ಇದನ್ನು ಯಾದೃಚ್ಛಿಕ ಪ್ರಯೋಗದಿಂದ ಹೋಲಿಸಿ ನೋಡಬೇಕು. ಇವು ಆ ಲೇಖನದ ನಿಲುವುಗಳು. ಹಳೆಯದಾದ, ಸುಣ್ಣಗಟ್ಟಿದ ಅಡಚಣೆ ಹೀಗೆ ಪಟ್ಟಿಯ ಹೊರಗೆ ಉಳಿಯಿತು. ನನ್ನ ಮಾವನಿಗೆ 1994ರಲ್ಲಿ ಆ ವೈದ್ಯರು ಹೇಳಿದ್ದು ಈ ಎಚ್ಚರಿಕೆಯ ಮುಂದುವರಿಕೆಯೇ ಆಗಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಪುಟವನ್ನು ಎರಡೆರಡು ಬಾರಿ ಓದಿದೆ. ಕೆನೆತ್ ಆರೋ 1963ರಲ್ಲಿ ಬರೆದ ಪ್ರಬಂಧ ನಮ್ಮ ಎಂ.ಎ. ತರಗತಿಯಲ್ಲಿ ಪಾಠವಾಗಿತ್ತು. ವೈದ್ಯಕೀಯ ಸೇವೆ ಇತರ ಸರಕುಗಳಂತಲ್ಲ ಎಂಬುದು ಅದರ ತಿರುಳು. ಅಲ್ಲಿ ಕೊಳ್ಳುವವನಿಗೆ ತನಗೇನು ಬೇಕೆಂಬುದೇ ತಿಳಿದಿರುವುದಿಲ್ಲ. ಏನು ಬೇಕೆಂದು ಹೇಳುವವನೂ ಅದನ್ನು ಒದಗಿಸುವವನೂ ಒಬ್ಬನೇ. ಅಂಥ ಪೇಟೆಯಲ್ಲಿ ಒಬ್ಬ ಮನುಷ್ಯ ತಾನೇ ನಿರ್ಮಿಸಿದ ಉಪಕರಣದ ಬಗ್ಗೆ, ನೂರು ಜನರಲ್ಲಿ ಎಂಬತ್ತೈದು ಜನರಿಗೆ ಇದು ಬೇಡ ಎಂದು ಬರೆಯುವುದು ಸಾಮಾನ್ಯ ಸಂಗತಿಯಲ್ಲ.

ಜ್ಯೂರಿಕ್‌ನಲ್ಲಿ ಅವರಿಗೆ ಬೇಕಾದಷ್ಟು ಹಾಸಿಗೆಗಳೂ ಸೌಕರ್ಯಗಳೂ ದೊರೆಯಲಿಲ್ಲ. 1980ರಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯವನ್ನು ಸೇರಿದರು. ಅದಕ್ಕೆ ಮೊದಲೇ, 1978ರಿಂದ, ತಮ್ಮ ವಿದ್ಯೆಯನ್ನು ಕಲಿಸಲು ಅವರು ಒಂದು ಹೊಸ ಪದ್ಧತಿ ಆರಂಭಿಸಿದ್ದರು. ಚಿಕಿತ್ಸೆ ನಡೆಯುತ್ತಿರುವಾಗಲೇ ಅದರ ದೃಶ್ಯ ಟೆಲಿವಿಷನ್ ಮೂಲಕ ಪಕ್ಕದ ಸಭಾಂಗಣದಲ್ಲಿ ಕುಳಿತ ವೈದ್ಯರಿಗೆ ಕಾಣುತ್ತಿತ್ತು. ಯಶಸ್ಸಿನ ಚಿತ್ರಗಳನ್ನಷ್ಟೇ ಆಯ್ದು ತೋರಿಸುವ ಅವಕಾಶ ಇಲ್ಲಿರಲಿಲ್ಲ. ತಂತಿ ದಾಟದಿದ್ದರೆ, ರೋಗಿಗೆ ತೊಂದರೆಯಾದರೆ, ಎಲ್ಲರಿಗೂ ಅದು ಕಾಣುತ್ತಿತ್ತು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆ ಈ ಚಿಕಿತ್ಸೆಗಾಗಿ ನೋಂದಣಿ ಪುಸ್ತಕವನ್ನು ತೆರೆದಾಗ, ಬೇರೆ ಬೇರೆ ಆಸ್ಪತ್ರೆಗಳ ಫಲಿತಾಂಶಗಳು ಒಂದೆಡೆ ಸೇರತೊಡಗಿದವು.

ಅವರು ಸಂತರೇನೂ ಆಗಿರಲಿಲ್ಲ. ವೇಗದ ಬದುಕು ಅವರಿಗೆ ಪ್ರಿಯವಾಗಿತ್ತು. ಮೊದಲ ವಿವಾಹ ಮುರಿಯಿತು. ಅಡುಗೆಕೋಣೆಯ ಮೇಜಿನ ಬಳಿ ದುಡಿದ ಮಿಖೇಲಾ ದೂರವಾದರು. ವಿಮಾನ ಹಾರಿಸುವ ಹವ್ಯಾಸ ಅವರಿಗಿತ್ತು. 1985ರ ಅಕ್ಟೋಬರ್ 27ರಂದು, ಹವಾಮಾನ ಕೆಟ್ಟಿದ್ದ ಭಾನುವಾರ, ಕಡಲತೀರದ ಮನೆಯಿಂದ ಅಟ್ಲಾಂಟಾಕ್ಕೆ ತಮ್ಮ ವಿಮಾನವನ್ನು ತಾವೇ ನಡೆಸಿಕೊಂಡು ಹೊರಟರು. ಜಾರ್ಜಿಯಾದ ಫೋರ್ಸಿತ್ ಬಳಿ ವಿಮಾನ ಉರುಳಿತು. ಜೊತೆಗಿದ್ದ ಎರಡನೆಯ ಪತ್ನಿ, ವೈದ್ಯೆ ಮಾರ್ಗರೆಟ್ ಆ್ಯನ್ ಕೂಡ ಮಡಿದರು. ಗ್ರುಂಟ್ಸಿಗ್ ಅವರಿಗೆ ಆಗ 46 ವರ್ಷ. ಚಿಕಿತ್ಸೆಯ ಮೇಜಿನ ಬಳಿ ಪ್ರತಿ ಮೆಟ್ಟಿಲನ್ನೂ ಅಳೆದು ಏರಿದ ಮನುಷ್ಯ ಆಕಾಶದಲ್ಲಿ ಆ ಲೆಕ್ಕವನ್ನು ಏಕೆ ಬಿಟ್ಟರೋ! ಡಾಟರ್ ಕೂಡ ತೀರಿಕೊಂಡದ್ದು ಅದೇ ವರ್ಷ.

ಮುಂದಿನ ಮಾರ್ಚ್‌ನಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿ ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಕೂತಿತು. ಬಲೂನು ತೆರೆದ ದಾರಿ ಮತ್ತೆ ಮುಚ್ಚಿಕೊಳ್ಳದಂತೆ ಲೋಹದ ಜಾಲರಿ ಆಧಾರವಾಯಿತು. ಆದರೆ ಸುಣ್ಣದ ಸಮಸ್ಯೆ ಇನ್ನೂ ಹಾಗೆಯೇ ಇತ್ತು. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿನಿಂದ ಗೀಸರಿನೊಳಗೆ ಕಟ್ಟುವ ಪದರವನ್ನು ಕಂಡವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಒಂದು ವ್ಯತ್ಯಾಸವಿದೆ: ರಕ್ತನಾಳದಲ್ಲಿ ಸುಣ್ಣ ಮೇಲ್ಮೈಗೆ ಅಂಟಿರುವುದಲ್ಲ, ಗೋಡೆಯ ಒಳಗೇ ಬೆಳೆದಿರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದನ್ನು ಹೆಚ್ಚಿಸುತ್ತವೆ. ಅಂಥ ಗೋಡೆಯ ನಡುವೆ ಸ್ಟೆಂಟ್ ಪೂರ್ತಿ ಅರಳುವುದಿಲ್ಲ. ಅರೆಬರೆ ಅರಳಿದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ, ದಾರಿ ಮತ್ತೆ ಇಕ್ಕಟ್ಟಾಗುವ ಅಪಾಯ ಹೆಚ್ಚು. ಬಲವಂತವಾಗಿ ಉಬ್ಬಿಸಿದರೆ ನಾಳವೇ ಬಿರಿಯಬಹುದು.

ಇದಕ್ಕೆ ಮೊದಲ ಉತ್ತರ ಎಂಬತ್ತರ ದಶಕದ ಕೊನೆಯಲ್ಲಿ ಬಂತು. ಅಮೆರಿಕದ ಡೇವಿಡ್ ಆತ್ ರೂಪಿಸಿದ ರೋಟಾಬ್ಲೇಟರ್‌ನ ತುದಿಯಲ್ಲಿ ವಜ್ರದ ಹರಳುಗಳನ್ನು ಲೇಪಿಸಿದ ಪುಟ್ಟ ಗುಂಡೊಂದಿದ್ದು, ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮೃದುವಾದ ಅಂಗಾಂಶ ಅದರಿಂದ ಸರಿದುಕೊಳ್ಳುತ್ತದೆ. ಗಡಸಾದ ಸುಣ್ಣ ಸರಿಯಲಾರದೆ ಅರೆದುಹೋಗುತ್ತದೆ. ಆ ಪುಡಿಯ ಕಣಗಳು ಬಹುಪಾಲು ರಕ್ತಕಣಕ್ಕಿಂತ ಚಿಕ್ಕವಾದ್ದರಿಂದ ರಕ್ತದೊಡನೆ ಸಾಗಿಹೋಗುತ್ತವೆ. ಆದರೆ ಗುಂಡು ತಂತಿಯ ಮೇಲೆ ಸಾಗುತ್ತ ತಾನು ಮುಟ್ಟಿದ್ದನ್ನಷ್ಟೇ ಅರೆಯಬಲ್ಲದು. ಗೋಡೆಯ ಆಳದಲ್ಲಿರುವ ಸುಣ್ಣ ಅದಕ್ಕೆ ಎಟುಕದು.

ಎರಡನೆಯ ಉತ್ತರ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಯಿಂದ ಬಂದದ್ದು. 1980ರಲ್ಲಿ ಮ್ಯೂನಿಕ್‌ನಲ್ಲಿ, ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲು ಒಡೆಯುವ ಲಿಥೋಟ್ರಿಪ್ಸಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾಯಿತು. ಅದೇ ತತ್ತ್ವ ಮೂರೂವರೆ ದಶಕಗಳ ನಂತರ ಕ್ಯಾತಿಟರಿನ ಬಲೂನಿನೊಳಗೆ ಸೇರಿತು. ಬಲೂನನ್ನು ಕಡಿಮೆ ಒತ್ತಡದಲ್ಲಿ ಉಬ್ಬಿಸಿ, ಅದರೊಳಗಿನ ದ್ರವದಲ್ಲಿ ಕಿಡಿ ಹಾರಿಸಿದಾಗ ಹೊಮ್ಮುವ ತರಂಗಗಳು ಮೃದು ಭಾಗವನ್ನು ದಾಟಿ ಆಳದ ಸುಣ್ಣದಲ್ಲಿ ಬಿರುಕು ಮೂಡಿಸುತ್ತವೆ. 2021ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯೂ ಹೃದಯದ ರಕ್ತನಾಳಗಳಿಗೆ ಇದನ್ನು ಅನುಮೋದಿಸಿತು. ಇದಕ್ಕೂ ಮಿತಿಯಿದೆ. ಈ ಬಲೂನು ಸ್ವಲ್ಪ ದಪ್ಪ. ತೀರ ಇಕ್ಕಟ್ಟಾದ ಜಾಗದಲ್ಲಿ ತೂರುವುದೇ ಇಲ್ಲ.

ಆದ್ದರಿಂದಲೇ ಎರಡನ್ನೂ ಜೋಡಿಸುವ ಕ್ರಮ ಬಂತು. ಮೊದಲು ಚಿಕ್ಕ ಗುಂಡಿನಿಂದ ಅರೆದು ದಾರಿ ಮಾಡಿಕೊಳ್ಳುವುದು, ಆ ದಾರಿಯಲ್ಲಿ ತರಂಗದ ಬಲೂನನ್ನು ಕಳುಹಿಸಿ ಆಳದ ಸುಣ್ಣವನ್ನು ಬಿರಿಸುವುದು, ಸಾಧಾರಣ ಬಲೂನು ಪೂರ್ತಿ ಅರಳುತ್ತದೆಯೇ ನೋಡುವುದು, ಅರಳಿದರೆ ಮಾತ್ರ ಸ್ಟೆಂಟ್ ಇಡುವುದು. ವೈದ್ಯರು ಇದನ್ನು ರೋಟಾಟ್ರಿಪ್ಸಿ ಎನ್ನುತ್ತಾರೆ. ಸುಣ್ಣ ಎಷ್ಟು ದಪ್ಪ, ಎಷ್ಟು ಉದ್ದ, ನಾಳದ ಸುತ್ತ ಎಷ್ಟು ಭಾಗವನ್ನು ಬಳಸಿದೆ ಎಂಬುದನ್ನು ನಾಳದ ಒಳಗಿನಿಂದಲೇ ಚಿತ್ರ ತೆಗೆದು ಅಳೆಯುತ್ತಾರೆ.

ನಾನು ಕಂಡ ಎರಡನೆಯ ವೈದ್ಯರು ಈ ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ನಾಳ ತೂತಾಗಬಹುದು, ರಕ್ತದ ಹರಿವು ನಿಧಾನವಾಗಬಹುದು ಎಂಬುದನ್ನು ಮುಚ್ಚಿಡಲಿಲ್ಲ. ಬೈಪಾಸ್ ಕೂಡ ಒಳ್ಳೆಯ ಆಯ್ಕೆಯೇ ಎಂದರು. ಮನೆಯವರೊಡನೆ ಮಾತನಾಡಿ ನಿರ್ಧರಿಸಲು ಸಮಯ ಕೊಟ್ಟರು. ಮೇಜಿನ ಮೇಲೆ ನಾನು ಎಚ್ಚರವಾಗಿಯೇ ಇದ್ದೆ. ಗುಂಡು ತಿರುಗುವ ಸಣ್ಣ ಕೀರಲು ಸದ್ದು ಕೆಲವೇ ಕ್ಷಣಗಳ ಕಂತುಗಳಲ್ಲಿ ಕೇಳಿ ನಿಲ್ಲುತ್ತಿತ್ತು. ಪರದೆಯ ಮೇಲೆ, ನಡುವೆ ಸೊಂಟದಂತೆ ಸಣ್ಣಗಿದ್ದ ಬಲೂನು ಕೊನೆಗೊಮ್ಮೆ ನೇರವಾಗಿ ಅರಳಿದ್ದನ್ನು ಅವರು ನನಗೂ ತೋರಿಸಿದರು.

ಇಂದು ನಾನು ಲಾಲ್‌ಬಾಗಿನಲ್ಲಿ ಮುಂಜಾನೆ ನಡೆಯುತ್ತೇನೆ. ಆದರೂ ಈ ಲೇಖನ ಯಂತ್ರಗಳ ಪ್ರಶಂಸೆಯಲ್ಲ. ಯಂತ್ರ ಇದೆಯೆಂದ ಮಾತ್ರಕ್ಕೆ ಎಲ್ಲರಿಗೂ ಅದು ಬೇಕೆಂದಲ್ಲ. 2024ರಲ್ಲಿ ಫಲಿತಾಂಶ ಹೊರಬಿದ್ದ ಎಕ್ಲಿಪ್ಸ್ ಎಂಬ ಪ್ರಯೋಗದಲ್ಲಿ, ತೀವ್ರವಾಗಿ ಸುಣ್ಣಗಟ್ಟಿದ ನಾಳಗಳಿದ್ದ 2,005 ಅಮೆರಿಕನ್ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸ್ಟೆಂಟಿಗೆ ಮೊದಲು ಸುಣ್ಣವನ್ನು ಉಜ್ಜಿ ತೆಗೆಯುವ, ಸುತ್ತುವ ಉಪಕರಣ. ಇನ್ನೊಂದಕ್ಕೆ ಬರಿಯ ಬಲೂನು. ಒಂದು ವರ್ಷದ ನಂತರ ಆ ನಾಳದ ಚಿಕಿತ್ಸೆ ವಿಫಲವಾದ ಪ್ರಮಾಣ ಕ್ರಮವಾಗಿ ಶೇ 11.5 ಮತ್ತು ಶೇ 10. ಅಂದರೆ ಉಪಕರಣದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎರಡೂ ವಿಧಾನ ಸಾಧ್ಯವಿದ್ದ ರೋಗಿಗಳನ್ನಷ್ಟೇ ಈ ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಬಲೂನು ದಾಟದ ಅಥವಾ ಅರಳದ ನಾಳಗಳ ಮಾತು ಬೇರೆ. ಆದರೆ ನಾಳದಲ್ಲಿ ಸುಣ್ಣ ಕಂಡೊಡನೆ ದುಬಾರಿ ಉಪಕರಣವೇ ಗತಿಯೆಂದು ಮಗನಿಂದ ಸಹಿ ಹಾಕಿಸಿಕೊಳ್ಳಲು ಹೊರಟವರು ಇಂಥ ಅಂಕಿಗಳನ್ನು ಅವನ ಮುಂದಿಡಬೇಕಿತ್ತು.

ನಮ್ಮ ಸರ್ಕಾರ 2017ರ ಫೆಬ್ರುವರಿಯಲ್ಲಿ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಔಷಧ ಲೇಪಿತ ಸ್ಟೆಂಟಿಗೆ ಆಗ ಗೊತ್ತುಮಾಡಿದ ಬೆಲೆ 29,600 ರೂಪಾಯಿ. ಅದೊಂದು ಒಳ್ಳೆಯ ಹೆಜ್ಜೆಯೆಂದು ನಾನು ಅಂದೂ ಭಾವಿಸಿದ್ದೆ, ಇಂದೂ ಭಾವಿಸುತ್ತೇನೆ. ಆದರೆ ಆದೇಶ ಹೊರಡಿಸಿ ಬೆಲೆಯನ್ನು ನಿಗದಿಪಡಿಸಬಹುದೇ ಹೊರತು, ಯಾರಿಗೆ ಯಾವ ಚಿಕಿತ್ಸೆ ಬೇಡವೆಂಬ ವಿವೇಚನೆಯನ್ನಲ್ಲ. ಅದಕ್ಕೆ ಬೇಕಾದದ್ದು ತೆರೆದ ಲೆಕ್ಕ. ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಎಷ್ಟು ಸಾವಿರ ಆಂಜಿಯೋಪ್ಲಾಸ್ಟಿ ನಡೆದವೆಂಬ ಅಂಕಿ ದಪ್ಪ ಅಕ್ಷರಗಳಲ್ಲಿರುತ್ತದೆ. ಎಷ್ಟು ವಿಫಲವಾದವು, ಎಷ್ಟು ಜನರಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಯಿತು, ಎಷ್ಟು ಜನರನ್ನು ಚಿಕಿತ್ಸೆ ಬೇಡವೆಂದು ಮನೆಗೆ ಕಳುಹಿಸಲಾಯಿತು ಎಂಬ ಅಂಕಿ ನನಗಂತೂ ಕಂಡಿಲ್ಲ. ಪ್ರತಿ ಆಸ್ಪತ್ರೆಯೂ ವರ್ಷಕ್ಕೊಮ್ಮೆ ಈ ಮೂರು ಅಂಕಿಗಳನ್ನು ಸಾರ್ವಜನಿಕರ ಮುಂದಿಡಬೇಕೆಂಬ ನಿಯಮ ತರುವುದು ಸರ್ಕಾರಕ್ಕೆ ದೊಡ್ಡ ವೆಚ್ಚದ ಕೆಲಸವಲ್ಲ.

ಗ್ರುಂಟ್ಸಿಗ್ 1979ರಲ್ಲಿ, ಯಾರ ಆದೇಶವೂ ಇಲ್ಲದೆ, ಆ ಲೆಕ್ಕ ಒಪ್ಪಿಸಿದ್ದರು. ಐವತ್ತರಲ್ಲಿ ಮೂವತ್ತೆರಡು. ಉಳಿದ ಹದಿನೆಂಟನ್ನು ಅವರು ಅಡಗಿಸಿದ್ದರೆ, ಯಾವ ಅಡಚಣೆ ಬಲೂನಿಗೆ ಮಣಿಯದು ಎಂಬ ಪ್ರಶ್ನೆಯನ್ನು ಮುಂದಿನವರು ಕೈಗೆತ್ತಿಕೊಳ್ಳಲು ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ ಹೇಳಲಾಗದು. ನನ್ನ ಮಾವನಿಗೆ ದೊರೆತ ನಿರಾಕರಣೆಯೂ, ನನಗೆ ದೊರೆತ ಚಿಕಿತ್ಸೆಯೂ ಆ ಹದಿನೆಂಟರ ಋಣದಲ್ಲಿವೆ.